ಓಕಿನಾವಕ್ಕೆ ಹೊಸದಾಗಿ ಬಂದವರಿಗೆ: ಜಪಾನಿಯ ಆಚೆಯ ಮಾತು

ಜಪಾನಿನ ದಕ್ಷಿಣದ ಓಕಿನಾವ ದ್ವೀಪದ ಒನ್ನಾ ಗ್ರಾಮದ ವಿಜ್ಞಾನ ಸಂಸ್ಥೆಗೆ ಸಂಶೋಧನೆಗೆಂದು ಬರುವ ಕನ್ನಡಿಗರು ಮೊದಲು ಜಪಾನಿ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಗ್ರಾಮ ಕಚೇರಿ, ಆಸ್ಪತ್ರೆ, ಬಾಡಿಗೆ ಕರಾರು ಎಲ್ಲವೂ ಅದರಲ್ಲೇ. ಆದರೆ ನೆರೆಮನೆಯ ಅಜ್ಜಿಯರು ಮಾತಿಗೆ ಕುಳಿತಾಗ ಏನೂ ತಿಳಿಯದಿದ್ದರೆ ಗಾಬರಿ ಬೇಡ. ಅದು ಓಕಿನಾವದ ಸ್ವಂತ ಭಾಷೆ ಉಚಿನಾಗುಚಿ, ಟೋಕಿಯೊದವರಿಗೂ ಅರ್ಥವಾಗುವುದಿಲ್ಲ.

ಇಲ್ಲಿಯವರೇ ಅದನ್ನು 'ಹೋಗೆನ್', ಅಂದರೆ ಉಪಭಾಷೆ, ಎನ್ನುವುದುಂಟು. ನೀವು ಅನ್ನಬೇಡಿ. ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳ ಕೊರಳಿಗೆ 'ಹೋಗೆನ್ ಫುದಾ' ಎಂಬ ಹಲಗೆ ತೂಗುಹಾಕಿದ ನಾಡಿದು. ಯುನೆಸ್ಕೊ 2009ರಲ್ಲಿ ಈ ದ್ವೀಪಸಾಲಿನ ಅಮಾಮಿ, ಕುನಿಗಾಮಿ, ಓಕಿನಾವ, ಮಿಯಾಕೊ, ಯಾಎಯಾಮಾ, ಯೊನಾಗುನಿ ಎಂಬ ಆರನ್ನೂ ಅಪಾಯದಲ್ಲಿರುವ ಪ್ರತ್ಯೇಕ ಭಾಷೆಗಳೆಂದು ಗುರುತಿಸಿತು. ಊರಮಾತಿಗೆಲ್ಲ ಒಟ್ಟಾಗಿ 'ಶಿಮಾಕುತುಬಾ' ಎನ್ನಿ.

ಕಿವಿಗೆ ದಾರಿ ಸಿಗುವುದು ಸ್ವರಗಳಿಂದ. ಜಪಾನಿಯ ಎ ಇಲ್ಲಿ ಇ ಆಗುತ್ತದೆ, ಒ ಉ ಆಗುತ್ತದೆ. ಮನಸ್ಸು 'ಕೊಕೊರೊ' ಅಲ್ಲ, 'ಕುಕುರು'. ಮಳೆ 'ಅಮೆ' ಅಲ್ಲ, 'ಅಮಿ'. 'ಕಿ' ಎಷ್ಟೋ ಕಡೆ 'ಚಿ' ಆಗುತ್ತದೆ. ಓಕಿನಾವ 'ಉಚಿನಾ' ಆದದ್ದು ಹಾಗೆ. ಹ್ರಸ್ವ ಎ, ಒ ವಿರಳ, ದೀರ್ಘ ಏ, ಓ ಧಾರಾಳ. ಹ್ರಸ್ವ-ದೀರ್ಘ, ಒತ್ತಕ್ಷರಗಳು ನಮಗೆ ಹೊಸತಲ್ಲವಾದ್ದರಿಂದ ಟಿಪ್ಪಣಿಯನ್ನು ರೋಮನ್ ಅಕ್ಷರದಲ್ಲಲ್ಲ, ಕನ್ನಡದಲ್ಲೇ ಬರೆದುಕೊಳ್ಳಿ. ಒಂದು ಧ್ವನಿಗೆ ಮಾತ್ರ ನೀವೇ ಗುರುತು ಮಾಡಿಕೊಳ್ಳಬೇಕು: 'ವಾ' ಎಂದರೆ 'ನನ್ನ', ಗಂಟಲನ್ನು ಒಂದು ಕ್ಷಣ ಬಿಗಿಹಿಡಿದು ಬಿಟ್ಟು 'ವಾ' ಎಂದರೆ ಹಂದಿ. ಹಂದಿಮಾಂಸವಿಲ್ಲದೆ ಊಟವೇ ಆಗದ ನಾಡಿನಲ್ಲಿ ಈ ವ್ಯತ್ಯಾಸ ಬೇಗ ಉಪಯೋಗಕ್ಕೆ ಬರುತ್ತದೆ.

ಹಳಗನ್ನಡ ಬಲ್ಲವರಿಗೆ ಇಲ್ಲೊಂದು ಹಬ್ಬವಿದೆ. 'ಪೂ' ನಮ್ಮಲ್ಲಿ 'ಹೂ' ಆಯಿತಲ್ಲ, ಜಪಾನಿಯಲ್ಲೂ ಹಳೆಯ ಪಕಾರ ಹಕಾರವಾಗಿದೆ. ಹೂವಿಗೆ ಜಪಾನಿಯಲ್ಲಿಯೂ ಓಕಿನಾವದ ನಾಹಾ, ಶುರಿ ಊರುಗಳಲ್ಲಿಯೂ 'ಹನಾ'. ಮಿಯಾಕೊ, ಯಾಎಯಾಮಾ ದ್ವೀಪಗಳಲ್ಲಿ ಇಂದಿಗೂ 'ಪನಾ'! ಓಕಿನಾವ ಮುಖ್ಯದ್ವೀಪದ ಉತ್ತರದ ಹಳ್ಳಿಗಳೂ ಪಕಾರ ಬಿಟ್ಟಿಲ್ಲ. ಪಶ್ಚಿಮದ ತುದಿಯ ಯೊನಾಗುನಿಯಲ್ಲಿ ಜಪಾನಿಯ ಯಕಾರ ದಕಾರವಾಗಿ, ಬೆಟ್ಟ 'ಯಮಾ' ಹೋಗಿ 'ದಮಾ'. ದ್ವೀಪದ ಹೆಸರೇ 'ದುನಾನ್'. ಮಿಯಾಕೊ ಬಳಿಯ ಓಗಾಮಿ ದ್ವೀಪದಲ್ಲಂತೂ ಸ್ವರವೇ ಇಲ್ಲದ ಪದಗಳಿವೆ.

1879ರವರೆಗೆ ಇಲ್ಲಿನ ರ್ಯೂಕ್ಯೂ ರಾಜ್ಯದ ರಾಜಧಾನಿಯಾಗಿದ್ದ ಶುರಿಯ ಮಾತಿಗೆ ಈಗಲೂ ಗೌರವ ಹೆಚ್ಚು, ಪಾಠಗಳು ಹೆಚ್ಚಾಗಿ ಅದನ್ನೇ ಅನುಸರಿಸುತ್ತವೆ. ಅದನ್ನು ಕಲಿತು ಉತ್ತರದ ಹಳ್ಳಿಯ ಹಿರಿಯರನ್ನು ತಿದ್ದಲು ಹೋಗಬೇಡಿ. 'ನಿಮ್ಮ ಊರಿನಲ್ಲಿ ಇದಕ್ಕೆ ಏನೆನ್ನುತ್ತೀರಿ?' ಎಂದು ಕೇಳಿ.

ದಾರಿ ಕೇಳುವಾಗಲೂ ಎಚ್ಚರ. ಜಪಾನಿಯಲ್ಲಿ 'ನಿಶಿ' ಪಶ್ಚಿಮ, ಉಚಿನಾಗುಚಿಯಲ್ಲಿ ಉತ್ತರ. ಇಲ್ಲಿ ಸೂರ್ಯ ಏಳುವ ಪೂರ್ವ 'ಅಗರಿ', ಒಳಗೆ ಹೋಗುವ ಪಶ್ಚಿಮ 'ಇರಿ', ನಮ್ಮ ಮೂಡಣ-ಪಡುವಣದ ಹಾಗೆಯೇ.

ನಮಸ್ಕಾರಕ್ಕೆ ಗಂಡಸರು 'ಹೈಸೈ', ಹೆಂಗಸರು 'ಹೈತೈ'. ಧನ್ಯವಾದಕ್ಕೆ 'ನಿಫೇ ದೇಬಿರು'. ಸೆಪ್ಟೆಂಬರ್ 18 ಶಿಮಾಕುತುಬಾ ದಿನ. ಆ ಸುಮಾರಿಗೆ ಊರಮಾತಿನ ಕಾರ್ಯಕ್ರಮ ಎಲ್ಲಿದೆ ಎಂದು ವಿಚಾರಿಸಿ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು ಸುಮ್ಮನೆ ಕೇಳಿ.