ಸಿ ಕಂಪೈಲರ್ ದೋಷ ಬಗೆಹರಿದ ಬಗೆ: ನನ್ನ ಅನುಭವ

ಕಲಬುರಗಿಯ ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ, ಉಬುಂಟು (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಇರುವ ಕಂಪ್ಯೂಟರೊಂದರಲ್ಲಿ ಸೋರ್ಸ್ ಕೋಡ್‌ನಿಂದ ತಂತ್ರಾಂಶವೊಂದನ್ನು ಬಿಲ್ಡ್ ಮಾಡಲು ಹೊರಟಾಗ, ಸಿ ಕಂಪೈಲರ್‌ನಿಂದ ಎಕ್ಸಿಕ್ಯೂಟಬಲ್ (ನೇರವಾಗಿ ಓಡಿಸಬಹುದಾದ) ಕಡತ ರಚಿಸಲಾಗುತ್ತಿಲ್ಲವೆಂದು ಹೇಳಿ, ಬಿಲ್ಡ್‌ಗೆ ಮುನ್ನ ಕಂಪ್ಯೂಟರನ್ನು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್ ನಿಂತುಬಿಟ್ಟಿತು. ಆ ಕಂಪೈಲರ್ ಆದ ಜಿಸಿಸಿಯ ಆವೃತ್ತಿ ಕೇಳಿದರೆ ಉತ್ತರವೇನೋ ಬರುತ್ತಿತ್ತು. ಪರದೆಯ ಮೇಲಿನ ಸಾಲು ಪರಿಣಾಮವನ್ನಷ್ಟೇ ತಿಳಿಸುತ್ತದೆ. ನಿಜವಾದ ಕಾರಣ ದಾಖಲಾಗುವುದು ಅದೇ ಫೋಲ್ಡರಿನ ಕಾನ್ಫಿಗ್ ಡಾಟ್ ಲಾಗ್ ಕಡತದಲ್ಲಿ, ಆದ್ದರಿಂದ ಮೊದಲು ಅದನ್ನೇ ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರೋಗ್ರಾಂ ಆರಂಭವಾಗಲು ಬೇಕಾದ ಎಸ್‌ಸಿಆರ್‌ಟಿ1 ಡಾಟ್ ಓ ಎಂಬ ಕಡತ, ಕೋಡ್‌ನ ತುಣುಕುಗಳನ್ನು ಜೋಡಿಸುವ ಲಿಂಕರ್‌ಗೆ ಸಿಗುತ್ತಿಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಶಿಫಾರಸಿನ ಪ್ಯಾಕೇಜುಗಳನ್ನು ಬಿಟ್ಟು ಜಿಸಿಸಿಯನ್ನಷ್ಟೇ ಇನ್‌ಸ್ಟಾಲ್ ಮಾಡಿದ್ದರಿಂದ, ಆ ಕಡತವನ್ನು ಒಳಗೊಂಡ ಲಿಬ್‌ಸಿ6-ಡೆವ್ ಎಂಬ ಪ್ಯಾಕೇಜು ಬಂದೇ ಇರಲಿಲ್ಲ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್’ ಎಂಬ ಒಂದೇ ಕಮಾಂಡ್ ಜಿ++ (ಸಿ++ ಕಂಪೈಲರ್), ಬಿಲ್ಡ್ ನಡೆಸುವ ಮೇಕ್‌ಗಳ ಜೊತೆಗೆ ಅದನ್ನೂ ತಂದಿತು. ಕಾನ್ಫಿಗರ್ ಮತ್ತೆ ನಡೆಸಿ ಮೇಕ್ ಕೊಟ್ಟಾಗ ಬಿಲ್ಡ್ ಪೂರ್ಣಗೊಂಡಿತು.