ಅಮೆರಿಕದಲ್ಲಿ ನಮ್ಮ ಮಿಕ್ಸಿ ಯಾಕೆ ತಿರುಗಲಿಲ್ಲ

ಮಗಳ ಮನೆಗೆ ಡಲ್ಲಾಸ್‌ಗೆ ಹೊರಟಾಗ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಅಡಾಪ್ಟರ್ ಕೊಂಡೆ. "ಎಲ್ಲಾ ನಡೀತದ್ರಿ, ಸುಮ್ನೆ ಒಯ್ರಿ" ಅಂದರು ಅಂಗಡಿಯವರು. ಫೋನು, ಲ್ಯಾಪ್‌ಟಾಪು ನಿಜಕ್ಕೂ ನಡೆದವು.

ನಮ್ಮಾಕೆ ಹಟ ಹಿಡಿದು ಮಿಕ್ಸಿಯನ್ನೂ ಒಯ್ದಿದ್ದರು. ಮೊಮ್ಮಗನಿಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಮಾಡಬೇಕಲ್ವಾ! ಸ್ವಿಚ್ ಹಾಕಿದರೆ ಮಿಕ್ಸಿ ಮುದುಕನ ಹಾಗೆ ಗೊಣಗಿತು, ಶೇಂಗಾ ಅಲ್ಲೇ ಕೂತಿತ್ತು. ಬಿಸಿ ವಾಸನೆ ಬಂದ ಕೂಡಲೇ ತೆಗೆದೆ. ಮೊದಲು ಅಡಾಪ್ಟರನ್ನೇ ಬೈದೆ. ತಪ್ಪು ಅದರದ್ದಲ್ಲ.

ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರ ಮಾತ್ರ. ನಮ್ಮಲ್ಲಿ ಕರೆಂಟು 230 ವೋಲ್ಟ್, ಅಲ್ಲಿ 120. ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿದೆ: 100–240 ವೋಲ್ಟ್. ಅದಕ್ಕೇ ಅದು ಎರಡೂ ಕಡೆ ನಡೆಯುತ್ತದೆ. ಮಿಕ್ಸಿಯ ತಳದಲ್ಲಿ ಬರೀ 230 ವೋಲ್ಟ್, 750 ವ್ಯಾಟ್ ಅಂತ ಇತ್ತು. ಸುಮಾರು ಅರ್ಧ ವೋಲ್ಟೇಜಿನಲ್ಲಿ ಅದಕ್ಕೆ ಬಲ ಸಾಲಲಿಲ್ಲ. ಇಲ್ಲಿಂದ ಕೆಟಲ್ ಒಯ್ದಿದ್ದರೂ ಇದೇ ಕಥೆ: ವೋಲ್ಟೇಜ್ ಅರ್ಧವಾದರೆ ನೀರು ಕಾಯಿಸುವ ಕೆಟಲ್‌ನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಚಹಾಕ್ಕೆ ಕಾದು ಕಾದು ಸಾಕಾಗುತ್ತದೆ.

ಕೊನೆಗೆ ವೋಲ್ಟೇಜ್ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ತರಿಸಿದೆವು. ಮೋಟಾರು ಶುರುವಾಗುವಾಗ ಜಾಸ್ತಿ ಎಳೆಯುತ್ತದೆ ಅಂತ 1500 ವ್ಯಾಟ್‌ನದೇ ಆರಿಸಿದೆ. ಕಲ್ಲಿನಷ್ಟು ಭಾರ. ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ ಹರ್ಟ್ಸ್; ನಮ್ಮಲ್ಲಿ 50, ಅಲ್ಲಿ 60. ಅದರಿಂದ ಮಿಕ್ಸಿಗೆ ತೊಂದರೆ ಆಗಲಿಲ್ಲ. ಅದರ ಬ್ರಷ್ ಮೋಟಾರಿಗೆ ಆ ಲೆಕ್ಕ ಬೇಕಿಲ್ಲ.

ಹಿಂಡಿ ನುಣ್ಣಗೆ ಬಂತು. ಟ್ರಾನ್ಸ್‌ಫಾರ್ಮರ್ ಮಗಳ ಮನೆಯಲ್ಲೇ ಬಿಟ್ಟು ಬಂದೆವು, ಮಿಕ್ಸಿಯನ್ನೂ.