ದಾನ್ಸ್ ಮಕಾಬ್ರ್: ಮೊದಲು ಎಡಗೈ ಕೂರಲಿ

ದಾನ್ಸ್ ಮಕಾಬ್ರ್ ಎಂದರೆ ಸಾವಿನ ಕುಣಿತ. ಫ್ರೆಂಚ್ ಸಂಗೀತಕಾರ ಸೇನ್-ಸಾನ್ಸ್ 1874ರಲ್ಲಿ ಆರ್ಕೆಸ್ಟ್ರಾಕ್ಕೆ ಬರೆದ ಈ ವಾಲ್ಟ್ಜನ್ನು (ಮೂರು ಪೆಟ್ಟಿನ ಕುಣಿತ) 1876ರಲ್ಲಿ ಪಿಯಾನೊ ವಾದಕ ಲಿಸ್ಟ್ ಪಿಯಾನೊಗೆ ಇಳಿಸಿದ. ಇಬ್ಬರ ಕೃತಿಸ್ವಾಮ್ಯವೂ ಮುಗಿದಿದೆ, ನೋಟೇಶನ್ ಉಚಿತವಾಗಿಯೇ ಸಿಗುತ್ತದೆ. ಕಲಿಯುವವರು ಹೆಚ್ಚಾಗಿ ಬಲಗೈಯ ಓಟದ ಹಿಂದೆ ಬೀಳುತ್ತಾರೆ. ಕೃತಿ ಕೆಡುವುದು ಮಾತ್ರ ಎಡಗೈಯಲ್ಲಿ.

ಆರ್ಕೆಸ್ಟ್ರಾ ಕೇಳುತ್ತಾ ಪೆನ್ಸಿಲಿನಲ್ಲಿ ವಾದ್ಯಗಳ ಹೆಸರು ಬರೆದುಕೊಳ್ಳಿ. ಆರಂಭದಲ್ಲಿ ಹಾರ್ಪಿನ ಹನ್ನೆರಡು ‘ಡಿ’ಗಳು, ಅಂದರೆ ನಡುರಾತ್ರಿಯ ಗಂಟೆ. ಆಮೇಲೆ ಒಂಟಿ ವಯಲಿನ್. ಅದರ ‘ಇ’ ತಂತಿಯನ್ನು ಅರ್ಧ ಸ್ವರ ಇಳಿಸಿರುವುದರಿಂದ ‘ಎ’ ಮತ್ತು ‘ಇ ಫ್ಲ್ಯಾಟ್’ ತೆರೆದ ತಂತಿಗಳಲ್ಲೇ ಒಟ್ಟಿಗೆ ಕಿರುಚುತ್ತವೆ. ಪಿಯಾನೊದಲ್ಲಿ ಈ ಜಾಗವನ್ನು ಮೃದು ಮಾಡಬೇಡಿ. ಎಲುಬಿನ ಸದ್ದಿನ ಸೈಲೊಫೋನ್ ಭಾಗಕ್ಕೆ ಸ್ವರ ಉಳಿಸುವ ಕಾಲಿನ ಪೆಡಲೇ ಬೇಡ.

ಈಗ ಎಡಗೈ. ಬೇಸ್ (ತಳದ) ಸ್ವರಗಳನ್ನಷ್ಟೇ, ಬಾರ್‌ಗೆ (ಮೂರು ಪೆಟ್ಟಿನ ಒಂದು ಸುತ್ತಿಗೆ) ಒಂದರಂತೆ, ಕೊನೆಯವರೆಗೆ ನುಡಿಸಿ. ಅದು ತಡವರಿಸದೆ ಬಂದಮೇಲೆ ಎರಡು, ಮೂರನೇ ಪೆಟ್ಟಿನ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಸೇರಿಸಿ. ಬೇಸ್ ಹೊಡೆದ ಕೂಡಲೇ ಕೈ ಕಾರ್ಡಿನ ಮೇಲೆ ಹೋಗಿ ಕಾಯಬೇಕು. ಜಿಗಿಯುತ್ತಲೇ ಒತ್ತಿದರೆ ತಪ್ಪು ಸ್ವರ ಖಂಡಿತ. ಲಯ ತೋರಿಸುವ ಮೆಟ್ರೊನೋಮ್ ಮೊದಲು ನಿಮಿಷಕ್ಕೆ 96 ಪೆಟ್ಟಿನಲ್ಲಿರಲಿ. ಕೈ ಪಳಗಿದಮೇಲೆ ಬಾರ್‌ಗೆ ಒಂದೇ ಟಿಕ್ ಇಟ್ಟು 50ರಿಂದ 60ರ ಆಸುಪಾಸಿಗೆ ಏರಿಸಿ. ತಿಶ್ರ ನಡೆಗೆ ಕೈತಟ್ಟಿ ಅಭ್ಯಾಸವಾದವರು ಮೂರೂ ಪೆಟ್ಟನ್ನು ಸಮನಾಗಿ ಗುದ್ದುತ್ತಾರೆ, ಆಗ ಕುಣಿತ ಹೋಗಿ ಕವಾಯತು ಉಳಿಯುತ್ತದೆ. ಕಾರ್ಡುಗಳು ಬೇಸಿನ ಅರ್ಧ ಸದ್ದಿನಲ್ಲಿರಲಿ. ವಿಯೆನ್ನಾದವರ ಹಾಗೆ ಎರಡನೇ ಪೆಟ್ಟನ್ನು ಬೇಗ ತರುವ ಚಟ ಇಲ್ಲಿ ಬೇಡ.

ಪೆಡಲನ್ನು ಬೇಸ್ ಕೇಳಿದಮೇಲೆ ಒತ್ತಿ, ಮುಂದಿನ ಬೇಸಿಗೆ ಬದಲಿಸಿ. ವಯಲಿನ್ನಿನ ಎರಡನೇ ರಾಗ ಅರ್ಧ ಅರ್ಧ ಸ್ವರವಾಗಿ ಇಳಿಯುತ್ತದೆ. ಅಲ್ಲಿ ಇಡೀ ಬಾರ್‌ಗೆ ಒಂದೇ ಪೆಡಲ್ ಹಾಕಿದರೆ ಎಲ್ಲ ಕಲಸುಮೇಲೋಗರ. ಪ್ರತಿ ಪೆಟ್ಟಿಗೂ ಬದಲಿಸಿ, ಇಲ್ಲವೇ ಅರ್ಧ ಮಾತ್ರ ಒತ್ತಿ. ದೊಡ್ಡ ಕಾರ್ಡುಗಳಲ್ಲಿ ಮೇಲಿನ ಸ್ವರ ಮುಳುಗುತ್ತಿದ್ದರೆ ಕಿರುಬೆರಳಿನದನ್ನು ಜೋರಾಗಿ ಹಿಡಿದು, ಉಳಿದವನ್ನು ಚಿಕ್ಕದಾಗಿ ಕಡಿದು ಅಭ್ಯಾಸ ಮಾಡಿ. ಆಕ್ಟೇವ್ (ಒಂದು ಸ್ಥಾಯಿ ದೂರದ ಜೋಡಿ ಸ್ವರ) ಓಟದಲ್ಲಿ ಮುಂಗೈ ಬಿಗಿದರೆ ಆ ದಿನಕ್ಕೆ ಸಾಕು.

ಒಂದೇ ಸ್ವರವನ್ನು ವೇಗವಾಗಿ ಹೊಡೆಯುವಲ್ಲಿ 3-2-1 (ನಡುಬೆರಳು, ತೋರುಬೆರಳು, ಹೆಬ್ಬೆರಳು) ಎಂದು ಬೆರಳು ಬದಲಿಸಿ. ಆದರೂ ಸ್ವರ ಹಾರುತ್ತಿದೆಯೇ? ತಪ್ಪು ಬೆರಳಿನದ್ದೇ ಆಗಬೇಕೆಂದಿಲ್ಲ. ಕಾಸರಗೋಡಿನ ಉಪ್ಪಳ, ಕುಂಬಳೆಯ ಕಡಲ ಬದಿಯ ಮನೆಗಳಲ್ಲಿ ಆಟಿಯ (ಜುಲೈ-ಆಗಸ್ಟ್) ಮಳೆಗೆ ಪಿಯಾನೊ ಕೀಲಿಯೊಳಗಿನ ಫೆಲ್ಟ್ (ಒತ್ತಿದ ಉಣ್ಣೆಬಟ್ಟೆ) ನೀರು ಹೀರಿ ಉಬ್ಬುತ್ತದೆ, ಒತ್ತಿದ ಕೀಲಿ ನಿಧಾನವಾಗಿ ಏಳುತ್ತದೆ. ಒಂದೊಂದನ್ನೇ ಮೆಲ್ಲಗೆ ಒತ್ತಿ ಬಿಟ್ಟು ನೋಡಿ, ಸೋಮಾರಿ ಕೀಲಿಗೆ ಚೀಟಿ ಅಂಟಿಸಿ. ಎಣ್ಣೆ ಬಿಡಲೇಬೇಡಿ, ಫೆಲ್ಟ್ ಅದನ್ನೂ ಹೀರಿಕೊಂಡು ಅಂಟುತ್ತದೆ. ಪಿಯಾನೊ ಮಳೆ ಬಡಿಯುವ ಹೊರಗೋಡೆಗೆ ತಾಗದಿರಲಿ. ತೇವಾಂಶ ಅಳೆಯುವ ಮೀಟರ್ ಒಂದು ಪಕ್ಕದಲ್ಲಿಟ್ಟು, ಡಿಹ್ಯೂಮಿಡಿಫೈಯರ್‌ನಿಂದ ಶೇ. 60ರೊಳಗೆ ತರಲು ನೋಡಿ. ಮಳೆಗೆ ಸೌಂಡ್‌ಬೋರ್ಡ್ (ಸದ್ದು ಹಿಗ್ಗಿಸುವ ಮರದ ಹಲಗೆ) ಉಬ್ಬಿ ನಡುವಿನ ಸ್ವರಗಳು ಏರಿರುತ್ತವೆ. ಶ್ರುತಿ ಮಾಡಿಸುವುದಾದರೆ ಮಳೆ ಬಿಟ್ಟು ಎರಡು ಮೂರು ವಾರ ಒಣಗಿದಮೇಲೆ ಮಾಡಿಸಿ. ಜುಲೈಯಲ್ಲಿ ಮಾಡಿಸಿದ್ದು ಡಿಸೆಂಬರಿಗೆ ಇಳಿದಿರುತ್ತದೆ.